ವೂ ಡಿಂಗ್‌ನ ರಾಜ್ಯಭಾರ ಮತ್ತು ಸಂಸಾರ: ಮೂಳೆಗಳು ಹೇಳುವುದೇನು?

ಪ್ರಶ್ನೆ: ಪ್ರಾಚೀನ ಚೀನಾದ ಶಾಂಗ್ ವಂಶದ ದೊರೆ ವೂ ಡಿಂಗ್‌ಗೆ ಅರವತ್ತು ಹೆಂಡತಿಯರಿದ್ದರು, ಅವರಲ್ಲಿ ಒಬ್ಬಳು 13,000 ಸೈನಿಕರ ದಂಡನಾಯಕಿಯಾಗಿದ್ದಳು ಎಂದು ಒಂದು ಸಾಕ್ಷ್ಯಚಿತ್ರದಲ್ಲಿ ನೋಡಿದೆ. ಇದು ಎಷ್ಟರಮಟ್ಟಿಗೆ ನಿಜ? ಮೂರು ಸಾವಿರ ವರ್ಷಗಳ ಹಿಂದಿನ ರಾಜನೊಬ್ಬನ ಆಳ್ವಿಕೆ ಮತ್ತು ಮನೆಮಂದಿಯ ಬಗ್ಗೆ ಇಷ್ಟೊಂದು ವಿವರ ಸಿಕ್ಕಿದ್ದು ಹೇಗೆ? ಆತನ ನಂತರ ಪಟ್ಟ ಯಾರ ಪಾಲಾಯಿತು?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಅರವತ್ತು ಹೆಂಡತಿಯರ ಮಾತು ಅರೆಬೆಂದದ್ದು. ಹೆಣ್ಣು ದಂಡನಾಯಕಿ ನಿಜ. 13,000 ಎಂಬ ಸಂಖ್ಯೆಯೂ ನಿಜವೇ, ಆದರೆ ಸಾಕ್ಷ್ಯಚಿತ್ರಗಳು ಹೇಳುವ ಅರ್ಥದಲ್ಲಿ ಅಲ್ಲ. ಇನ್ನು, ನೀವು ಆಳ್ವಿಕೆ ಮತ್ತು ಮನೆಮಂದಿ ಎಂದು ಎರಡನ್ನು ಬೇರೆ ಮಾಡಿ ಕೇಳಿದ್ದೀರಿ. ವೂ ಡಿಂಗ್‌ನ ಮಟ್ಟಿಗೆ ಅವು ಬೇರೆಬೇರೆ ಆಗಿರಲಿಲ್ಲ. ಆತನ ಹೆಂಡತಿಯರು ಜಮೀನು ನೋಡಿಕೊಂಡರು, ದಂಡು ಕಟ್ಟಿದರು. ರಾಜಕುಮಾರರು ಬೇಟೆಯಲ್ಲಿ, ಪೂಜೆಯಲ್ಲಿ ಜೊತೆಗಿದ್ದರು. ತೀರಿಕೊಂಡ ತಂದೆ, ದೊಡ್ಡಪ್ಪಂದಿರು ದಿನನಿತ್ಯದ ಆಡಳಿತದಲ್ಲಿ ಕೈಯಾಡಿಸುತ್ತಿದ್ದರು. ಕೊನೆಯದು ತಮಾಷೆಯ ಮಾತಲ್ಲ, ಮುಂದೆ ನೋಡೋಣ.

ವೂ ಡಿಂಗ್ ಆಳಿದ್ದು ಈಗಿನ ಹೆನಾನ್ ಪ್ರಾಂತ್ಯದ ಆನ್ಯಾಂಗ್ ಪಟ್ಟಣದ ಬಳಿ, ಹುವಾನ್ ನದಿಯ ದಂಡೆಯಲ್ಲಿದ್ದ ಯಿನ್ ಎಂಬ ರಾಜಧಾನಿಯಿಂದ. ಅಲ್ಲಿಗೆ ರಾಜಧಾನಿಯನ್ನು ತಂದವನು ಪಾನ್ ಗೆಂಗ್ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಶಾಂಗ್ ಮನೆತನದಲ್ಲಿ ಪಟ್ಟ ಅಣ್ಣನಿಂದ ತಮ್ಮನಿಗೆ ಇಳಿಯುವುದು ಸಾಮಾನ್ಯವಾಗಿತ್ತು. ಪಾನ್ ಗೆಂಗ್‌ನ ನಂತರ ತಮ್ಮ ಶಿಯಾವ್ ಶಿನ್, ಆಮೇಲೆ ಇನ್ನೊಬ್ಬ ತಮ್ಮ ಶಿಯಾವ್ ಯಿ. ಈ ಶಿಯಾವ್ ಯಿಯ ಮಗನೇ ನಮ್ಮ ವೂ ಡಿಂಗ್. ಆತ 59 ವರ್ಷ ಆಳಿದನೆಂದು ಪ್ರಾಚೀನ ದಾಖಲೆಗಳ ಸಂಗ್ರಹವಾದ ಶಾಂಗ್‌ಶು ಹೇಳುತ್ತದೆ. ಚೀನಾ ಸರಕಾರ ನಡೆಸಿದ ಕಾಲಗಣನೆಯ ಯೋಜನೆ ಅದನ್ನೇ ಒಪ್ಪಿ ಕ್ರಿ.ಪೂ. 1250ರಿಂದ 1192 ಎಂದು ಗೊತ್ತುಮಾಡಿದೆ. ಈ ಲೆಕ್ಕಕ್ಕೆ ಆಧಾರವಾದದ್ದು, ಆ ಕಾಲದ ಬರಹಗಳಲ್ಲಿ ದಿನದ ಹೆಸರಿನ ಸಮೇತ ದಾಖಲಾಗಿರುವ ಐದು ಚಂದ್ರಗ್ರಹಣಗಳು. ಹತ್ತಿಪ್ಪತ್ತು ವರ್ಷ ಹಿಂದುಮುಂದಾಗಬಹುದು ಎನ್ನುವ ವಿದ್ವಾಂಸರಿದ್ದಾರೆ. ಆದರೆ ಕ್ರಿ.ಪೂ. 1200ರ ಆಸುಪಾಸಿನಲ್ಲಿ ಆತ ಸಿಂಹಾಸನದಲ್ಲಿದ್ದ ಎಂಬುದರಲ್ಲಿ ತಕರಾರಿಲ್ಲ.

ಹೆಸರಿನ ಗುಟ್ಟನ್ನೂ ಇಲ್ಲಿಯೇ ಹೇಳಬೇಕು, ಇಲ್ಲವಾದರೆ ಮುಂದಿನ ಹೆಸರುಗಳೆಲ್ಲ ಕಗ್ಗಂಟಾಗುತ್ತವೆ. ಶಾಂಗ್ ಜನರ ವಾರಕ್ಕೆ ಹತ್ತು ದಿನ: ಜಿಯಾ, ಯಿ, ಬಿಂಗ್, ಡಿಂಗ್, ವೂ, ಜಿ, ಗೆಂಗ್, ಶಿನ್, ರೆನ್, ಗುಯಿ. ರಾಜನೋ ರಾಣಿಯೋ ತೀರಿಕೊಂಡ ಮೇಲೆ ಅವರಿಗೆ ಎಡೆಯಿಡಲು ಈ ಹತ್ತರಲ್ಲಿ ಒಂದು ದಿನ ನಿಗದಿಯಾಗುತ್ತಿತ್ತು. ಆ ದಿನದ ಹೆಸರೇ ಅವರ ಹೆಸರು. ಡಿಂಗ್ ದಿನ ಎಡೆ ಪಡೆಯುವವನು ವೂ ಡಿಂಗ್. ಅಂದರೆ ಬದುಕಿದ್ದಾಗ ಆತನನ್ನು ಯಾರೂ ಹಾಗೆಂದು ಕರೆದಿರಲಾರರು. ನಮಗೆ ಉಳಿದಿರುವುದು ತಿಥಿಯ ಹೆಸರು.

ಈಗ ಮೂಳೆಗಳ ವಿಷಯ. ಆನ್ಯಾಂಗ್ ಸುತ್ತಮುತ್ತ ರೈತರು ಹೊಲ ಉಳುವಾಗ ಸಿಗುತ್ತಿದ್ದ ಹಳೆಯ ಮೂಳೆಗಳು ಔಷಧಿ ಅಂಗಡಿಗಳಲ್ಲಿ 'ಡ್ರಾಗನ್ ಮೂಳೆ' ಎಂದು ಮಾರಾಟವಾಗುತ್ತಿದ್ದವು. ಅವನ್ನು ತೇದು, ಪುಡಿ ಮಾಡಿ ನುಂಗಿದವರೆಷ್ಟೋ. ಅವುಗಳ ಮೇಲಿನ ಗೀರುಗಳು ಅಕ್ಷರಗಳೆಂದು 1899ರಲ್ಲಿ ಗುರುತಿಸಿ ಸಂಗ್ರಹಿಸಲು ಹೊರಟವನು ಬೀಜಿಂಗ್‌ನ ವಿದ್ವಾಂಸ ಮತ್ತು ಅಧಿಕಾರಿ ವಾಂಗ್ ಯಿರೊಂಗ್. ಅಲ್ಲಿಂದೀಚೆಗೆ ಲಕ್ಷಕ್ಕೂ ಮಿಕ್ಕಿ ತುಣುಕುಗಳು ಸಿಕ್ಕಿವೆ, ಅವುಗಳಲ್ಲಿ ದೊಡ್ಡ ಪಾಲು ವೂ ಡಿಂಗ್‌ನ ಕಾಲದವು. 1936ರ ಜೂನ್‌ನಲ್ಲಿ ಒಂದೇ ಗುಂಡಿಯಲ್ಲಿ 17,096 ತುಣುಕು ಸಿಕ್ಕಿದ್ದವು. ಅವು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿದ್ದವೆಂದರೆ ಮಣ್ಣುಗಡ್ಡೆಯನ್ನು ಹಾಗೆಯೇ ಎತ್ತಿ, ಪೆಟ್ಟಿಗೆಯಲ್ಲಿಟ್ಟು ನಾನ್‌ಜಿಂಗ್‌ಗೆ ಸಾಗಿಸಬೇಕಾಯಿತು.

ಇವು ಕಣಿ ಕೇಳಿದ ಮೂಳೆಗಳು. ಆಮೆಯ ಹೊಟ್ಟೆಯ ಚಿಪ್ಪು ಅಥವಾ ಎತ್ತಿನ ಹೆಗಲಮೂಳೆಯನ್ನು ಉಜ್ಜಿ ನಯ ಮಾಡಿ, ಹಿಂಬದಿಯಲ್ಲಿ ಸಾಲಾಗಿ ಕುಳಿ ಕೊರೆಯುತ್ತಿದ್ದರು. ಕುಳಿಗೆ ಕೆಂಡದಂಥ ಬಿಸಿ ತಾಗಿಸಿದಾಗ ಮುಂಬದಿಯಲ್ಲಿ 'ಪಟ್' ಎಂದು ಬಿರುಕು ಬಿಡುತ್ತಿತ್ತು: ಒಂದು ನೆಟ್ಟನೆಯ ಗೆರೆ, ಅದರ ಮಗ್ಗುಲಿಗೆ ಒಂದು ಕವಲು. ಚೀನೀ ಭಾಷೆಯಲ್ಲಿ ಕಣಿಗೆ ಇಂದಿಗೂ ಬರೆಯುವ 'ಬು' ಎಂಬ ಅಕ್ಷರ ಆ ಬಿರುಕಿನ ಚಿತ್ರವೇ. ಬಿರುಕನ್ನು ಓದಿ ಫಲ ಹೇಳುವುದು ರಾಜನ ಕೆಲಸ. ಆಮೇಲೆ ಕೇಳಿದ ಪ್ರಶ್ನೆಯನ್ನು, ಕೆಲವೊಮ್ಮೆ ರಾಜ ಹೇಳಿದ ಫಲವನ್ನು, ತೀರಾ ಅಪರೂಪಕ್ಕೆ ನಿಜವಾಗಿ ನಡೆದದ್ದನ್ನು ಅದರ ಮೇಲೆಯೇ ಕೆತ್ತುತ್ತಿದ್ದರು. ಒಂದೇ ವಿಷಯವನ್ನು ಬಲಗಡೆ 'ಆಗುತ್ತದೆ' ಎಂದೂ ಎಡಗಡೆ 'ಆಗುವುದಿಲ್ಲ' ಎಂದೂ ಜೋಡಿಯಾಗಿ ಬರೆಯುವುದು ರೂಢಿ.

ಇದರಿಂದ ನಮಗೆ ಸಿಕ್ಕಿರುವುದು ರಾಜನ ಶಾಸನವಲ್ಲ, ಪ್ರಶಸ್ತಿಯಲ್ಲ. ಆತನ ಆತಂಕಗಳ ಪಟ್ಟಿ. ಒಂದು ಉದಾಹರಣೆ ಕೊಡುತ್ತೇನೆ. ಒಂದೇ ಪ್ರಶ್ನಾವಳಿಯನ್ನು ಐದು ಚಿಪ್ಪುಗಳ ಮೇಲೆ ಮತ್ತೆ ಮತ್ತೆ ಕೇಳಿದ ಒಂದು ಕಟ್ಟು ಉಳಿದಿದೆ. ಅದರಲ್ಲಿ ಮೊದಲಿಗೆ ಯುದ್ಧದ ವಿಚಾರ. ವಾಂಗ್ ಚೆಂಗ್ ಎಂಬ ಮಿತ್ರನ ಜೊತೆ ಸೇರಿ ಶಿಯಾ ವೇ ಎಂಬವರ ಮೇಲೆ ಹೋಗಲೇ, ಅಥವಾ ಝಿ ಗುವೊ ಎಂಬವನ ಜೊತೆ ಸೇರಿ ಬಾ ಎಂಬವರ ಮೇಲೆ ಹೋಗಲೇ? ಅದೇ ಚಿಪ್ಪಿನಲ್ಲಿ ಮುಂದಿನ ಪ್ರಶ್ನೆ: 'ಅಪ್ಪ ಗೆಂಗ್‌ಗೆ ಒಂದು ನಾಯಿಯನ್ನು ಅರ್ಪಿಸಿ, ಒಂದು ಕುರಿಯನ್ನು ಸೀಳಿ ಕೊಟ್ಟರೆ ಹಲ್ಲುನೋವು ವಾಸಿಯಾಗುತ್ತದೆಯೇ?' ಪಕ್ಕದಲ್ಲೇ, 'ವಾಸಿಯಾಗುವುದಿಲ್ಲವೇ?' ಅಪ್ಪ ಗೆಂಗ್ ಎಂದರೆ ರಾಜಧಾನಿ ಕಟ್ಟಿದ ದೊಡ್ಡಪ್ಪ ಪಾನ್ ಗೆಂಗ್. ತಂದೆಯ ಅಣ್ಣತಮ್ಮಂದಿರೆಲ್ಲ ಅವರ ಮಾತಿನಲ್ಲಿ ಅಪ್ಪಂದಿರೇ. ಇನ್ನೊಂದು ಕಡೆ, ಈ ಹಲ್ಲುನೋವಿಗೆ ಕಾರಣ 'ಅಪ್ಪ ಯಿ', ಅಂದರೆ ಸ್ವಂತ ತಂದೆಯೇ ಇರಬಹುದೇ ಎಂಬ ಶಂಕೆ. ತೀರಿಕೊಂಡ ಹಿರಿಯರು ಮುನಿದರೆ ಹಲ್ಲಿಗೂ ಕೇಡು, ಬೆಳೆಗೂ ಕೇಡು, ದಂಡಯಾತ್ರೆಗೂ ಕೇಡು. ಅವರನ್ನು ಸಂತೈಸುವುದೇ ರಾಜ್ಯಭಾರದ ಮುಖ್ಯ ಕೆಲಸ. ಆಡಳಿತದಲ್ಲಿ ಸತ್ತವರು ಕೈಯಾಡಿಸುತ್ತಿದ್ದರು ಎಂದದ್ದು ಈ ಅರ್ಥದಲ್ಲಿ.

ಆ ಸಂತೈಸುವಿಕೆಗೆ ಭಯಾನಕ ಮುಖವೂ ಇತ್ತು. ಬಲಿ ನಾಯಿ, ಕುರಿ, ದನಕ್ಕೆ ನಿಲ್ಲುತ್ತಿರಲಿಲ್ಲ. ಪಶ್ಚಿಮದ ಚಿಯಾಂಗ್ ಎಂಬ ಜನರಲ್ಲಿ ಸೆರೆ ಸಿಕ್ಕವರನ್ನು ಹಿರಿಯರಿಗೆ ಕೊಡುವ ಪ್ರಶ್ನೆಗಳು ಮೂಳೆಗಳಲ್ಲಿ ಹೇರಳವಾಗಿವೆ. ಒಂದರಲ್ಲಿ ಸಂಖ್ಯೆ 300. ವೂ ಡಿಂಗ್‌ನನ್ನು 'ಪ್ರಜಾವತ್ಸಲ' ಎಂದು ಹೊಗಳುವ ಮುನ್ನ ಈ ಸಂಖ್ಯೆ ನೆನಪಿರಲಿ ಎನ್ನುವುದು ನನ್ನ ಬಿನ್ನಹ.

ಯುದ್ಧಗಳಂತೂ ಮುಗಿಯುತ್ತಲೇ ಇರಲಿಲ್ಲ. ತು, ಗೊಂಗ್, ಬಾ, ಚಿಯಾಂಗ್ ಹೀಗೆ ಸುತ್ತಲೂ ಹಗೆಗಳು. ಮೇಲೆ ಹೇಳಿದ ಝಿ ಗುವೊ ಕಳಿಸಿದ ಸುದ್ದಿಯೊಂದು ಎತ್ತಿನ ಹೆಗಲಮೂಳೆಯ ಮೇಲೆ ಹಾಗೆಯೇ ಇದೆ: ತು ಜನರು ನಮ್ಮ ಮೂಡಣ ಗಡಿಯಲ್ಲಿ ಎರಡು ಊರುಗಳನ್ನು ಹಾಳುಗೆಡವಿದರು, ಗೊಂಗ್ ಜನರು ಪಡುವಣ ಗಡಿಯ ಹೊಲಗಳಿಗೆ ನುಗ್ಗಿದರು. ಕುದುರೆ ಕಟ್ಟಿದ ರಥ ಚೀನಾದಲ್ಲಿ ಕಾಣಿಸಿಕೊಳ್ಳುವುದೂ ಈ ಕಾಲದಲ್ಲಿಯೇ, ಉತ್ತರದ ಹುಲ್ಲುಗಾವಲಿನ ಜನರಿಂದ ಬಂದ ಹೊಸ ವಸ್ತುವಾಗಿ. ಹೊಸ ವಾಹನ ಎಂದಮೇಲೆ ಅಪಘಾತವೂ ಆಗಬೇಕಲ್ಲ! ಒಂದು ಗುಯಿಸಿ ದಿನ (ಹತ್ತು ದಿನಗಳ ಹೆಸರಿಗೆ ಇನ್ನೊಂದು ಹೆಸರು ಜೋಡಿಸಿ ಹೀಗೆ ಗುರುತಿಸುತ್ತಿದ್ದರು; ಇದು ಗುಯಿ ದಿನಗಳಲ್ಲೊಂದು) ಚುಯೆ ಎಂಬ ಕಣಿಗಾರ ಮುಂದಿನ ಹತ್ತು ದಿನಗಳಲ್ಲಿ ಕೇಡಿಲ್ಲವಷ್ಟೇ ಎಂದು ಕೇಳಿದ. ಕೇಡಿದೆ ಎಂದು ರಾಜ ಓದಿದ. ಮರುದಿನವೇ ಆತ ದೊಡ್ಡ ಕಾಡುಮೃಗವೊಂದನ್ನು ಅಟ್ಟಿಸಿಕೊಂಡು ಹೋಗುವಾಗ ಅಧಿಕಾರಿಯೊಬ್ಬನ ರಥ ಕಲ್ಲಿಗೆ ಬಡಿದು ರಾಜನ ರಥಕ್ಕೆ ಅಪ್ಪಳಿಸಿತು, ರಾಜಕುಮಾರ ಯಾಂಗ್ ಕೆಳಗೆ ಬಿದ್ದ. ತಾನು ಹೇಳಿದ ಕೇಡು ನಿಜವಾಯಿತೆಂದು ಇದನ್ನು ಹೆಮ್ಮೆಯಿಂದಲೇ ಕೆತ್ತಿಸಿರಬೇಕು.

ಹೆಂಡತಿಯರ ವಿಷಯಕ್ಕೆ ಬರೋಣ. 'ಫೂ' ಎಂಬ ಪದವಿಯುಳ್ಳ ಅರವತ್ತಕ್ಕೂ ಹೆಚ್ಚು ಸ್ತ್ರೀಯರ ಹೆಸರು ಮೂಳೆಗಳಲ್ಲಿ ಬರುತ್ತದೆ. ಸಾಕ್ಷ್ಯಚಿತ್ರದವರ ಅರವತ್ತು ಬಂದದ್ದು ಇಲ್ಲಿಂದ. ಆದರೆ 'ಫೂ' ಎಂದರೆ ರಾಜನ ಹೆಂಡತಿ ಎಂದೇ ಅರ್ಥವಲ್ಲ. ರಾಜಮನೆತನದ ಇತರ ಗಂಡಸರ ಹೆಂಡತಿಯರು, ಮಿತ್ರ ಕುಲಗಳಿಂದ ಬಂದ ಸೊಸೆಯರು ಈ ಪಟ್ಟಿಯಲ್ಲಿ ಇರಬಹುದು. ಮುಂದಿನ ರಾಜರು ಪದ್ಧತಿಯಂತೆ ಎಡೆಯಿಟ್ಟ ವೂ ಡಿಂಗ್‌ನ ಪಟ್ಟದರಸಿಯರು ಮೂವರೇ: ಶಿನ್, ವೂ ಮತ್ತು ಗುಯಿ ದಿನಗಳ ಅಜ್ಜಿಯರು. ಶಿನ್ ದಿನದವಳು ಫೂ ಹಾವ್, ವೂ ದಿನದವಳು ಫೂ ಜಿಂಗ್.

ಫೂ ಹಾವ್ ಬರೀ ಮೂಳೆಯ ಮೇಲಿನ ಹೆಸರಾಗಿ ಉಳಿಯಲಿಲ್ಲ. 1976ರಲ್ಲಿ ಝೆಂಗ್ ಝೆನ್‌ಶಿಯಾಂಗ್ ಎಂಬ ಪುರಾತತ್ತ್ವಜ್ಞೆ ತಮ್ಮ ತಂಡದೊಂದಿಗೆ ಶಿಯಾವ್‌ತುನ್ ಹಳ್ಳಿಯ ಬಳಿ ಉದ್ದನೆಯ ಕೊಳವೆ ಸಲಿಕೆಯಿಂದ ನೆಲ ಪರೀಕ್ಷಿಸುತ್ತಿದ್ದಾಗ, ಆಳದಿಂದ ಬಂದ ಮಣ್ಣಿನಲ್ಲಿ ಕೆಂಪು ಅರಗಿನ ಚೂರು ಅಂಟಿತ್ತು. ಕೆಳಗಿದ್ದದ್ದು ಕಳ್ಳರ ಕೈ ಸೋಕದ ಸಮಾಧಿ. ನದಿಯಾಚೆಯ ರಾಜಸಮಾಧಿಗಳನ್ನೆಲ್ಲ ಹಿಂದೆಯೇ ದೋಚಿಯಾಗಿತ್ತು, ಅರಮನೆಯ ಪಕ್ಕದಲ್ಲಿದ್ದ ಇದೊಂದು ಉಳಿದುಕೊಂಡಿತ್ತು. ಗುಂಡಿ ದೊಡ್ಡದೇನಲ್ಲ: 5.6 ಮೀಟರ್ ಉದ್ದ, 4 ಮೀಟರ್ ಅಗಲ, ಏಳೂವರೆ ಮೀಟರ್ ಆಳ. ಒಳಗಿದ್ದದ್ದು 1,928 ವಸ್ತುಗಳು. ಕಂಚಿನವೇ 468, ಒಟ್ಟು ತೂಕ 1.6 ಟನ್ನಿನಷ್ಟು. ಹಸಿರುಕಲ್ಲಿನ 755 ಕೆತ್ತನೆಗಳು. ಸುಮಾರು ಐನೂರು ಮೂಳೆಯ ಮುಡಿಕಡ್ಡಿಗಳು. ನಾಲ್ಕು ಕಂಚಿನ ಕನ್ನಡಿಗಳು. ದೂರದ ಕಡಲುಗಳಿಂದ ಬಂದ ಆರು ಸಾವಿರಕ್ಕೂ ಮೀರಿದ ಕವಡೆಗಳು. ಜೊತೆಗೆ ಕೊಂದು ಹೂತ 16 ಮನುಷ್ಯರು, 6 ನಾಯಿಗಳು. ನೂರಕ್ಕೂ ಹೆಚ್ಚು ಪಾತ್ರೆಗಳ ಮೇಲೆ 'ಫೂ ಹಾವ್' ಎಂದು ಎರಕದಲ್ಲಿಯೇ ಹೆಸರು. ಹೆಸರು ಮೂಳೆಗಳಲ್ಲಿಯೂ ಸಮಾಧಿಯಲ್ಲಿಯೂ ಹೀಗೆ ಕೂಡಿಬಂದ ಉದಾಹರಣೆ ಶಾಂಗ್ ಇತಿಹಾಸದಲ್ಲಿ ಬಲು ವಿರಳ.

ಮುಡಿಕಡ್ಡಿಗಳ ಜೊತೆಯಲ್ಲಿ ನಾಲ್ಕು ಗಂಡುಗೊಡಲಿಗಳಿದ್ದವು. ದೊಡ್ಡದೊಂದರ ತೂಕ 9 ಕಿಲೋ. ಅದರ ಮೇಲೆ ಎರಡು ಹುಲಿಗಳು ಬಾಯ್ತೆರೆದು ನಡುವೆ ಮನುಷ್ಯನ ತಲೆಯನ್ನು ಹಿಡಿದಿವೆ. ಅದನ್ನು ಬೀಸಿ ಯಾರೂ ಯುದ್ಧ ಮಾಡಿರಲಾರರು. ಅದು ಅಧಿಕಾರದ ಗುರುತು. ಚೀನೀ ಲಿಪಿಯಲ್ಲಿ 'ರಾಜ' ಎಂಬ ಅಕ್ಷರವೇ ಮೂಲದಲ್ಲಿ ಕೊಡಲಿಯ ಅಲಗಿನ ಚಿತ್ರ ಎಂಬುದು ಬಹುಮಂದಿ ಒಪ್ಪಿದ ಮಾತು. ಆ ಗುರುತು ಆಕೆಯ ಕೈಯಲ್ಲಿತ್ತು.

ಹಾಗಾದರೆ 13,000? ಒಂದು ಮೂಳೆಯಲ್ಲಿ ಹೀಗಿದೆ: ಫೂ ಹಾವ್‌ಳ ಕಡೆಯಿಂದ 3,000, ದಂಡಿನಿಂದ 10,000 ಮಂದಿಯನ್ನು ಕೂಡಿಸಿ ಚಿಯಾಂಗರ ಮೇಲೆ ಹೋಗಲು ಆಜ್ಞಾಪಿಸಬಹುದೇ? ಇದು ಕಣಿಯ ಪ್ರಶ್ನೆ. ಕೂಡಿಸಿದರು, ಹೋದರು, ಗೆದ್ದರು ಎಂಬ ವರದಿಯಲ್ಲ. ಇಷ್ಟು ದೊಡ್ಡ ಸಂಖ್ಯೆಯನ್ನು ಆಕೆಯ ಹೆಸರಿನೊಂದಿಗೆ ಸೇರಿಸಿ ಕೇಳುವುದು ರಾಜನಿಗೆ ಸಹಜವಾಗಿತ್ತು ಎಂಬುದೇ ನಿಜವಾದ ಸುದ್ದಿ. ಬಾ ಜನರ ವಿರುದ್ಧದ ಯೋಜನೆಯಲ್ಲಿಯೂ ಆಕೆ ಇದ್ದಾಳೆ. ರಾಜ ಮೂಡಣದಿಂದ ಹೊಡೆಯುವುದು, ಹಗೆ ಹಿಮ್ಮೆಟ್ಟಿದಾಗ ಫೂ ಹಾವ್ ಹೊಂಚುಹಾಕಿದ ಕಡೆಗೆ ಸಿಕ್ಕಿಬೀಳುವುದು. ಇದೂ ಪ್ರಶ್ನೆಯ ರೂಪದಲ್ಲೇ ಇದೆ. ಕಣಿಗಾಗಿ ಚಿಪ್ಪುಗಳನ್ನು ಒಪ್ಪಿಸುವವರಲ್ಲಿಯೂ ಆಕೆ ಒಬ್ಬಳು: 'ಫೂ ಹಾವ್ ಒಪ್ಪಿಸಿದ್ದು ಐವತ್ತು' ಎಂದು ಚಿಪ್ಪಿನ ಅಂಚಿನಲ್ಲಿ ಉಗ್ರಾಣದ ಲೆಕ್ಕದಂತೆ ಗೀಚಿದ್ದಾರೆ.

ಇದೇ ಫೂ ಹಾವ್ ಬಸುರಿಯಾದಾಗಿನ ಒಂದು ಚಿಪ್ಪು ಇದೆ. ಜಿಯಾಶೆನ್ ದಿನ ಚುಯೆ ಕೇಳಿದ: ಹೆರಿಗೆ ಒಳ್ಳೆಯದಾಗುತ್ತದೆಯೇ? ರಾಜ ಬಿರುಕು ಓದಿ, 'ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನ ಹೆತ್ತರೆ ಬಹಳ ಶುಭ' ಎಂದ. ಜಾಣ ಮಾತು, ಹತ್ತರಲ್ಲಿ ಎಂಟು ದಿನಗಳನ್ನು ಕೈಬಿಟ್ಟರೆ ಫಲ ತಪ್ಪುವ ಸಂಭವ ಕಡಿಮೆ. ಕೆಳಗಿನ ಸಾಲು: 'ಮೂವತ್ತೊಂದು ದಿನಗಳಾದ ಮೇಲೆ ಜಿಯಾಯಿನ್ ದಿನ ಹೆತ್ತಳು. ಒಳ್ಳೆಯದಾಗಲಿಲ್ಲ. ಹೆಣ್ಣು.' ಎಡಗಡೆಯ ಜೋಡಿ ಪ್ರಶ್ನೆಯ ಕೆಳಗೂ ಅದೇ ಫಲವನ್ನು ಮತ್ತೊಮ್ಮೆ ಕೆತ್ತಿದ್ದಾರೆ. ಹೆತ್ತವಳಿಗೆ ಸಾವಿರಾರು ಮಂದಿಯ ದಂಡು, ಒಂಬತ್ತು ಕಿಲೋ ತೂಕದ ಕೊಡಲಿ. ಹುಟ್ಟಿದ ಮಗಳಿಗೆ ಈ ಒಂದು ಸಾಲು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಇದನ್ನು ಎಷ್ಟೋ ಸಲ ಓದಿರುತ್ತಾರೆ. ನನಗಂತೂ ಇದು ಇನ್ನೂ ಅಭ್ಯಾಸವಾಗಿಲ್ಲ.

ಆಕೆ ಗಂಡನಿಗಿಂತ ಮೊದಲೇ ತೀರಿಕೊಂಡಳು. ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. ಫೂ ಹಾವ್‌ಳನ್ನು ಹಿರಿಯರಾದ ತಾಂಗ್ ತೆಗೆದುಕೊಂಡನೇ, ಝೂ ಯಿ ತೆಗೆದುಕೊಂಡನೇ, ಪರದೈವ 'ದಿ'ಯೇ ತೆಗೆದುಕೊಂಡಿತೇ ಎಂದು ಕೇಳಿದ ಮೂಳೆಗಳಿವೆ. ಸತ್ತ ರಾಣಿಯನ್ನು ಪೂರ್ವಜರಿಗೆ ಮದುವೆ ಮಾಡಿಕೊಟ್ಟು ಆ ಲೋಕದಲ್ಲಿ ರಕ್ಷಣೆ ಕೋರಿದ್ದೆಂದು ಕೆಲವು ವಿದ್ವಾಂಸರು ಇದನ್ನು ಓದುತ್ತಾರೆ.

ಫೂ ಜಿಂಗ್‌ಳ ಕ್ಷೇತ್ರ ಬೇರೆ. ಆಕೆಯ ಹೆಸರಿನ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದು ನವಣೆಯಂಥ ಕಿರುಧಾನ್ಯದ ಬೆಳೆ: 'ಫೂ ಜಿಂಗ್‌ಗೆ ಈ ಸಲ ಫಸಲು ಸಿಗುತ್ತದೆಯೇ?' ಆಕೆಯನ್ನು ಜನ ನೆನಪಿಟ್ಟುಕೊಂಡಿರುವುದು ಮಾತ್ರ ಒಂದು ಹಂಡೆಯಿಂದ. ಮಕ್ಕಳ ಕಾಲದಲ್ಲಿ 'ತಾಯಿ ವೂ' ಹೆಸರಿನಲ್ಲಿ ಎರಕ ಹೊಯ್ದ, ನಾಲ್ಕು ಕಾಲಿನ ಚೌಕಾಕಾರದ ಆ ಕಂಚಿನ ಹಂಡೆಯ ತೂಕ 832.84 ಕಿಲೋ, ಎತ್ತರ 133 ಸೆಂಟಿಮೀಟರ್. ಪ್ರಾಚೀನ ಚೀನಾದ ಕಂಚಿನ ಪಾತ್ರೆಗಳಲ್ಲಿ ಇಷ್ಟು ಭಾರವಾದದ್ದು ಇನ್ನೊಂದು ಸಿಕ್ಕಿಲ್ಲ. 1939ರಲ್ಲಿ ವುಗುವಾನ್ ಹಳ್ಳಿಯವರಿಗೆ ಸಿಕ್ಕಾಗ, ಮಾರಲು ಅನುಕೂಲವಾಗಲೆಂದು ಗರಗಸದಿಂದ ಕೊಯ್ಯಲು ನೋಡಿದರು. ಹಂಡೆ ಜಗ್ಗಲಿಲ್ಲ. ಜಪಾನೀ ಸೈನ್ಯದ ಕಣ್ಣಿಗೆ ಬೀಳದಿರಲೆಂದು ಮತ್ತೆ ಹೂತಿಟ್ಟರು. 1946ರಲ್ಲಿ ಹೊರತೆಗೆದಾಗ ಒಂದು ಕಿವಿ ಇರಲಿಲ್ಲ. ಬೀಜಿಂಗ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಈಗ ಕಾಣುವ ಆ ಕಿವಿ ಹೊಸದಾಗಿ ಮಾಡಿಸಿದ್ದು.

ಗ್ರಂಥಗಳ ವೂ ಡಿಂಗ್ ಬೇರೆಯೇ ಮನುಷ್ಯ. ಆತ ಪಟ್ಟಕ್ಕೆ ಬಂದು ಮೂರು ವರ್ಷ ಬಾಯಿಬಿಡಲಿಲ್ಲವಂತೆ. ಕನಸಿನಲ್ಲಿ ಯುಯೆ ಎಂಬ ಜ್ಞಾನಿಯನ್ನು ಕಂಡನಂತೆ. ಹುಡುಕಿಸಿದಾಗ ಆ ಮುಖದವನು ಗೋಡೆ ಕಟ್ಟುವ ಕೈದಿಗಳ ನಡುವೆ ಸಿಕ್ಕನಂತೆ, ಅವನನ್ನೇ ಮಂತ್ರಿ ಮಾಡಿದನಂತೆ. ರಾಜನ ಮರಣಾನಂತರ ಸಾವಿರ ವರ್ಷ ದಾಟಿದ ಮೇಲೆ ಸಿಮಾ ಚಿಯೆನ್ ತನ್ನ ಇತಿಹಾಸದಲ್ಲಿ ಈ ಕಥೆಯನ್ನು ಸೇರಿಸಿದ. ಕಥೆ ಚೆನ್ನಾಗಿದೆ. ಆದರೆ ಆ ಗ್ರಂಥದಲ್ಲಿ ಫೂ ಹಾವ್‌ಳ ಹೆಸರೇ ಇಲ್ಲ. ಕನಸಿನ ಮಂತ್ರಿ ಉಳಿದ, ಕೊಡಲಿ ಹಿಡಿದ ರಾಣಿ ಅಳಿಸಿಹೋದಳು. ನೆಲ ಅಗೆಯದೇ ಇದ್ದಿದ್ದರೆ ಆಕೆ ಇದ್ದಳೆಂದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಗ್ರಂಥ ಮತ್ತು ಮೂಳೆ ಒಂದನ್ನೊಂದು ಪೋಷಿಸುತ್ತವೆ. ಹಿರಿಮಗ ಜಿ. ಒಂದೇ ರಾತ್ರಿಯಲ್ಲಿ ಐದು ಸಲ ಎದ್ದು ಹೆತ್ತವರ ಹಾಸಿಗೆ ನೋಡಿಬರುತ್ತಿದ್ದ, ತಾಯಿ ಸತ್ತ ಮೇಲೆ ಮಲತಾಯಿಯ ಚಾಡಿಯಿಂದ ದೇಶಭ್ರಷ್ಟನಾಗಿ ಸತ್ತ ಎಂದು ಗ್ರಂಥಗಳು ಮರುಗುತ್ತವೆ. ಚಾಡಿಯ ಭಾಗ ನನಗೆ ಕಟ್ಟುಕಥೆಯಂತೆ ಕಾಣುತ್ತದೆ. ಎಲ್ಲ ನಾಡಿನ ಜಾನಪದಕ್ಕೂ ಒಬ್ಬ ಮಲತಾಯಿ ಬೇಕು. ಆದರೆ ಮುಂದಿನ ಕಾಲದ ಮೂಳೆಗಳಲ್ಲಿ 'ಅಣ್ಣ ಜಿ'ಗೆ ಎಡೆಯಿಡುವ ಪ್ರಶ್ನೆಗಳಿವೆ, 'ಕಿರಿಯ ರಾಜ' ಎಂಬ ಬಿರುದೂ ಇದೆ. ಪಟ್ಟವೇರದೆ ಸತ್ತರೂ ಆತನಿಗೆ ರಾಜರ ಸಾಲಿನಲ್ಲಿ ಎಡೆ ಸಿಕ್ಕಿತು. ಹೀಗಾಗಿ ವೂ ಡಿಂಗ್‌ನ ನಂತರ ಪಟ್ಟ ಹೋದದ್ದು ಝೂ ಗೆಂಗ್‌ಗೆ, ಆಮೇಲೆ ಅವನ ತಮ್ಮ ಝೂ ಜಿಯಾಗೆ. ಈ ಝೂ ಜಿಯಾ ಅಣ್ಣನನ್ನು ಹಿಂದಿಕ್ಕಿ ತಾನು ರಾಜನಾಗುವುದು ನ್ಯಾಯವಲ್ಲವೆಂದು ಸಾಮಾನ್ಯರ ನಡುವೆ ಹೋಗಿ ಬದುಕಿದ್ದವನು ಎಂದು ಒಂದು ಗ್ರಂಥ ಹೊಗಳಿದರೆ, ಸಿಮಾ ಚಿಯೆನ್ ಅವನನ್ನು ಲಂಪಟ ಎನ್ನುತ್ತಾನೆ. ಮುಂದಿನ ಶಾಂಗ್ ರಾಜರೆಲ್ಲ ಅವನ ಸಂತತಿ.

ಆ ಸಾಲಿನ ಕೊನೆಯವನು ದಿ ಶಿನ್. ಕ್ರಿ.ಪೂ. 1046ರ ಸುಮಾರಿಗೆ ಪಶ್ಚಿಮದ ಝೌ ಜನರು ಮುಯೆ ಎಂಬ ಬಯಲಿನಲ್ಲಿ ಅವನನ್ನು ಸೋಲಿಸಿ ಶಾಂಗ್ ವಂಶವನ್ನು ಮುಗಿಸಿದರು. ಯುದ್ಧದ ಬೆಳಗ್ಗೆ ಝೌ ರಾಜ ತನ್ನ ಸೈನ್ಯಕ್ಕೆ ಹೇಳಿದನೆನ್ನುವ ಮಾತು ಶಾಂಗ್‌ಶುವಿನಲ್ಲಿದೆ. ಹೇಂಟೆ ಕೂಗಿ ಬೆಳಗು ಸಾರಬಾರದು, ಹೇಂಟೆ ಕೂಗಿದರೆ ಮನೆ ಹಾಳು. ಶಾಂಗ್ ದೊರೆ ಹೆಂಗಸಿನ ಮಾತನ್ನೇ ಕೇಳುತ್ತಾನೆ, ಇದು ಅವನ ಮೊದಲ ಅಪರಾಧ. ಅಲ್ಲಿ 'ಹೆಂಗಸು' ಎಂಬುದಕ್ಕೆ ಬಳಸಿದ ಪದ 'ಫೂ', ಫೂ ಹಾವ್‌ಳ ಹೆಸರಿನ ಮುಂದಿರುವ ಅದೇ ಫೂ. ಹಾಗೆ ಹೇಳುವಾಗ ಅವನ ಎಡಗೈಯಲ್ಲಿ ಒಂದು ಹಳದಿ ಗಂಡುಗೊಡಲಿ ಇತ್ತು.